ಸಂಬಳದ ಪಟ್ಟಿಯಲ್ಲಿ ಹೆಸರಿಲ್ಲದವರು

ಹಿಂದಿನ ಸಂಚಿಕೆಯಲ್ಲಿ ಅಬ್ರಹಾಂ ಲಿಂಕನ್ ಅವರನ್ನು ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸುವಾಗ, ಅಮೆರಿಕದ ಅಂತರ್ಯುದ್ಧದಲ್ಲಿ ದುಡಿದ ಎಷ್ಟೋ ಜನರ ಹೆಸರು ಸೇನೆಯ ಸಂಬಳದ ಪಟ್ಟಿಯಲ್ಲೇ ಇರಲಿಲ್ಲ ಎಂಬ ಮಾತೊಂದನ್ನು ಸೇರಿಸಿದ್ದೆ. ಆ ಒಂದು ಮಾತನ್ನು ಹಿಡಿದುಕೊಂಡು ಬಂದ ಪತ್ರಗಳೇ ಈ ತಿಂಗಳು ಹೆಚ್ಚು. ಆದುದರಿಂದ ಉಳಿದ ವಿಷಯಗಳ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಕಾಯ್ದಿರಿಸಿ, ಈ ಸಲದ ಅಂಕಣವನ್ನು ಇಡಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಗುಲಾಮಗಿರಿಯ ವಿಷಯಕ್ಕಾಗಿಯೇ ನಡೆದ ಯುದ್ಧವೆಂದ ಮೇಲೆ ಕಪ್ಪು ಜನರು ಮೊದಲ ದಿನದಿಂದಲೇ ಸೇನೆಯಲ್ಲಿದ್ದಿರಬೇಕಲ್ಲವೆ? (ತುಮಕೂರಿನ ಪದವಿ ವಿದ್ಯಾರ್ಥಿನಿ)

ಉತ್ತರ: ಹಾಗೆ ಭಾವಿಸುವುದು ಸಹಜ. ಆದರೆ ನಡೆದದ್ದು ಬೇರೆ. ಗುಲಾಮಗಿರಿಯನ್ನು ಉಳಿಸಿಕೊಳ್ಳುವ ಸಲುವಾಗಿ ದಕ್ಷಿಣದ ಒಟ್ಟು 11 ರಾಜ್ಯಗಳು ಒಕ್ಕೂಟವನ್ನು ತೊರೆದು ಕಾನ್ಫೆಡರಸಿ ಎಂಬ ಹೆಸರಿನಲ್ಲಿ ತಮ್ಮದೇ ಸರ್ಕಾರವನ್ನು ಕಟ್ಟಿಕೊಂಡವು. 1861ರ ಏಪ್ರಿಲ್ 12ರಂದು ಚಾರ್ಲ್ಸ್‌ಟನ್ ಬಂದರಿನ ಸಮ್ಟರ್ ಕೋಟೆಯ ಮೇಲೆ ಅವರ ಫಿರಂಗಿಗಳು ಗುಂಡು ಹಾರಿಸುವುದರೊಂದಿಗೆ ಯುದ್ಧ ಆರಂಭವಾಯಿತು. ಆ ಸುದ್ದಿ ಕೇಳಿದೊಡನೆ ಉತ್ತರದ ಪಟ್ಟಣಗಳಲ್ಲಿ ಸ್ವತಂತ್ರರಾಗಿದ್ದ ಕಪ್ಪು ಯುವಕರು ಸೇನೆ ಸೇರಲು ಮುಂದೆ ಬಂದರು. ಅವರನ್ನು ಹಿಂದಕ್ಕೆ ಕಳುಹಿಸಲಾಯಿತು. ನಾಗರಿಕ ಪಡೆಗೆ ಬಿಳಿಯರನ್ನು ಮಾತ್ರ ಸೇರಿಸಬೇಕೆಂದು 1792ರ ಕಾನೂನು ಹೇಳುತ್ತಿತ್ತು. ಅದಕ್ಕಿಂತ ದೊಡ್ಡ ಅಡ್ಡಿ ರಾಜಕೀಯದ್ದು. ಮೇರಿಲ್ಯಾಂಡ್, ಡೆಲವೇರ್, ಕೆಂಟಕಿ ಮತ್ತು ಮಿಸೂರಿ ಎಂಬ ನಾಲ್ಕು ರಾಜ್ಯಗಳು ಗುಲಾಮಗಿರಿಯನ್ನು ಇಟ್ಟುಕೊಂಡೇ ಅಧ್ಯಕ್ಷ ಲಿಂಕನ್ನರ ಉತ್ತರದ ಕಡೆಯಲ್ಲೇ ಉಳಿದಿದ್ದವು, ಕಪ್ಪು ಜನರ ಕೈಗೆ ಬಂದೂಕು ಕೊಟ್ಟರೆ ಅವೂ ಕೈತಪ್ಪಿ ಹೋಗಬಹುದೆಂಬ ಭಯ ಸರ್ಕಾರಕ್ಕಿತ್ತು.

ಕದವನ್ನು ತೆರೆಸಿದವರು ಓಡಿಬಂದ ಗುಲಾಮರೇ. 1861ರ ಮೇ ತಿಂಗಳಲ್ಲಿ ಫ್ರಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ ಮತ್ತು ಜೇಮ್ಸ್ ಟೌನ್ಸೆಂಡ್ ಎಂಬ ಮೂವರು ರಾತ್ರಿ ದೋಣಿಯಲ್ಲಿ ನೀರು ದಾಟಿ ವರ್ಜೀನಿಯಾದ ಮನ್ರೋ ಕೋಟೆಯಲ್ಲಿದ್ದ ಉತ್ತರದ ಸೇನೆಯ ಆಶ್ರಯ ಕೇಳಿದರು. ಅವರ ಒಡೆಯನ ಪರವಾಗಿ ದಕ್ಷಿಣದ ಅಧಿಕಾರಿಯೊಬ್ಬ ಬಂದು, ಓಡಿಹೋದ ಗುಲಾಮರನ್ನು ಹಿಂದಿರುಗಿಸಬೇಕೆಂಬ ಅಮೆರಿಕದ ಕಾನೂನನ್ನೇ ಮುಂದಿಟ್ಟ. ಕೋಟೆಯ ಜನರಲ್ ಬೆಂಜಮಿನ್ ಬಟ್ಲರ್ ವೃತ್ತಿಯಿಂದ ವಕೀಲರು. ನೀವು ಬೇರೆ ದೇಶದವರೆಂದು ನೀವೇ ಸಾರಿಕೊಂಡಿರುವಾಗ ನಮ್ಮ ದೇಶದ ಕಾನೂನು ನಿಮಗೆ ಹೇಗೆ ಅನ್ವಯಿಸೀತು ಎಂಬುದು ಅವರ ವಾದವಾಗಿತ್ತು. ಗುಲಾಮರು ನಿಮ್ಮ ಆಸ್ತಿಯೆಂದಾದರೆ, ಶತ್ರುವಿಗೆ ನೆರವಾಗುವ ಆಸ್ತಿಯನ್ನು ಯುದ್ಧಕಾಲದಲ್ಲಿ ಮುಟ್ಟುಗೋಲು ಹಾಕಿಕೊಳ್ಳಬಹುದು ಎಂದು ಹೇಳಿ ಮೂವರನ್ನೂ ಇರಿಸಿಕೊಂಡರು. ಮನುಷ್ಯರನ್ನು ವಸ್ತುವೆಂದು ಒಪ್ಪಿಕೊಂಡೇ ಅವರಿಗೆ ಬಿಡುಗಡೆ ದೊರಕಿಸಿದ ಈ ತರ್ಕ ವಿಚಿತ್ರವಾದದ್ದು. ಆದರೆ ಅದರ ಸುದ್ದಿ ಹರಡಿದ ಕೆಲವೇ ವಾರಗಳಲ್ಲಿ ನೂರಾರು ಜನ ಸಂಸಾರ ಸಮೇತ ಆ ಕೋಟೆಗೆ ಬಂದು ಸೇರಿದರು. ಮೊದಲು ಬಂದ ಮೂವರು ಶತ್ರುಗಳಿಗಾಗಿ ಫಿರಂಗಿ ಕಟ್ಟೆಯೊಂದನ್ನು ಕಟ್ಟುವ ಕೆಲಸದಲ್ಲಿದ್ದವರು, ಆ ಕಟ್ಟೆಯ ವಿವರಗಳನ್ನೂ ಅವರು ಬಟ್ಲರ್ ಅವರಿಗೆ ತಿಳಿಸಿದರು. ಕಪ್ಪು ಜನರು ಸೈನಿಕರಾಗುವುದಕ್ಕಿಂತ ಮೊದಲೇ ಸುದ್ದಿ ಕೊಡುವವರಾಗಿದ್ದರು ಎಂಬುದನ್ನು ಮುಂದಿನ ಉತ್ತರಗಳಿಗಾಗಿ ನೆನಪಿಟ್ಟುಕೊಳ್ಳಿ.

1862ರ ಜುಲೈನಲ್ಲಿ ಸಂಸತ್ತು ಕಾನೂನನ್ನು ಸಡಿಲಿಸಿತು. ದಂಗೆಯೆದ್ದ ರಾಜ್ಯಗಳ ಗುಲಾಮರು ಸ್ವತಂತ್ರರೆಂದು ಲಿಂಕನ್ ಸಾರಿದ 1863ರ ಜನವರಿ 1ರ ವಿಮೋಚನಾ ಘೋಷಣೆ ಕಪ್ಪು ಜನರ ಸೇನಾ ಭರ್ತಿಯನ್ನು ಸ್ಪಷ್ಟವಾಗಿ ಒಪ್ಪಿಕೊಂಡಿತು, ಅದೇ ವರ್ಷದ ಮೇ ತಿಂಗಳಲ್ಲಿ ಅದಕ್ಕಾಗಿ ಪ್ರತ್ಯೇಕ ಕಚೇರಿ ತೆರೆಯಿತು. ಯುದ್ಧ ಮುಗಿಯುವ ವೇಳೆಗೆ ಭೂಸೇನೆಯಲ್ಲಿ ಸುಮಾರು 1,79,000 ಮತ್ತು ನೌಕಾಪಡೆಯಲ್ಲಿ ಸುಮಾರು 19,000 ಕಪ್ಪು ಜನರು ಸೇವೆ ಸಲ್ಲಿಸಿದ್ದರು. ಉತ್ತರದ ಸೇನೆಯಲ್ಲಿ ಅವರದು ಹತ್ತರಲ್ಲಿ ಒಂದು ಪಾಲು. ಸತ್ತವರು ಸುಮಾರು 40,000 ಮಂದಿ, ಅವರಲ್ಲಿ ಮುಕ್ಕಾಲು ಪಾಲು ಜನರನ್ನು ಕೊಂದದ್ದು ಕಾಯಿಲೆ.

ಪ್ರಶ್ನೆ: ಕಪ್ಪು ಸೈನಿಕರು ಒಂದೂವರೆ ವರ್ಷ ಸಂಬಳವನ್ನೇ ಮುಟ್ಟಲಿಲ್ಲವೆಂದು ಓದಿದ್ದೇನೆ. ಬಡವರಾದ ಅವರು ಬಂದ ಹಣವನ್ನು ಬೇಡವೆಂದದ್ದು ಏಕೆ? (ಸಾಗರದ ನಿವೃತ್ತ ಅಧ್ಯಾಪಕರು)

ಉತ್ತರ: ಬಿಳಿಯ ಸಾಮಾನ್ಯ ಸೈನಿಕನಿಗೆ ತಿಂಗಳಿಗೆ 13 ಡಾಲರ್ ಸಂಬಳ, ಅದರ ಮೇಲೆ ಬಟ್ಟೆಯ ಭತ್ಯೆ ಬೇರೆ. ಕಪ್ಪು ಸೈನಿಕನಿಗೆ 10 ಡಾಲರ್, ಅದರಲ್ಲೂ ಬಟ್ಟೆಯ ಲೆಕ್ಕಕ್ಕೆ 3 ಡಾಲರ್ ಮುರಿದುಕೊಂಡು ಕೈಗೆ ಕೊಡುತ್ತಿದ್ದುದು 7. ಕಪ್ಪು ಜನರು ಸೇನೆಯಲ್ಲಿ ಮಣ್ಣು ಹೊರುವ, ಕಂದಕ ತೋಡುವ ಕೂಲಿಗಳಾಗಿರುತ್ತಾರೆಂದು ಎಣಿಸಿ ಬರೆದ 1862ರ ಕಾನೂನೇ ಇದಕ್ಕೆ ಆಧಾರ. ಮ್ಯಾಸಚೂಸೆಟ್ಸ್ ರಾಜ್ಯದ 54ನೆಯ ರೆಜಿಮೆಂಟಿಗೆ ಸೇರುವಾಗ ಕಪ್ಪು ಸೈನಿಕರಿಗೆ ಸಮಾನ ಸಂಬಳದ ಮಾತು ಕೊಡಲಾಗಿತ್ತು. ಮಾತು ಮುರಿದದ್ದು ತಿಳಿದಾಗ ಅವರು 7 ಡಾಲರನ್ನೂ ಮುಟ್ಟಲಿಲ್ಲ. ಕೊರತೆಯನ್ನು ತಾನು ತುಂಬಿಕೊಡುತ್ತೇನೆಂದು ಅವರ ರಾಜ್ಯ ಸರ್ಕಾರ ಮುಂದೆ ಬಂದಾಗಲೂ ಒಪ್ಪಲಿಲ್ಲ. ವ್ಯತ್ಯಾಸದ ಹಣವನ್ನು ಬೇರೊಬ್ಬರು ತುಂಬಿಕೊಟ್ಟರೆ ನಾವು ಕಡಿಮೆ ದರ್ಜೆಯ ಸೈನಿಕರೆಂದು ಒಪ್ಪಿಕೊಂಡಂತಾಗುತ್ತದೆ ಎಂಬುದು ಅವರ ನಿಲುವು. ಇದನ್ನು ಛಲವೆಂದು ಹೇಳುವುದು ಸುಲಭ, ಆದರೆ ಆ ಛಲದ ಬೆಲೆಯನ್ನು ಊರಿನಲ್ಲಿ ಹೆಂಡತಿ ಮಕ್ಕಳು ತೆತ್ತರೆಂಬುದನ್ನೂ ಹೇಳಬೇಕು.

ಈ ನಡುವೆ ಅವರು ಯುದ್ಧ ಮಾಡದೆ ಕುಳಿತಿರಲಿಲ್ಲ. 1863ರ ಜುಲೈ 18ರ ಸಂಜೆ ಚಾರ್ಲ್ಸ್‌ಟನ್ ಬಳಿಯ ವ್ಯಾಗ್ನರ್ ಕೋಟೆಯ ಮೇಲಿನ ದಾಳಿಯಲ್ಲಿ ಎಲ್ಲರಿಗಿಂತ ಮುಂದೆ ನಡೆದದ್ದು ಇದೇ 54ನೆಯ ರೆಜಿಮೆಂಟ್. ದಾಳಿಗಿಳಿದ ಸುಮಾರು 600 ಜನರಲ್ಲಿ 270ಕ್ಕೂ ಹೆಚ್ಚು ಮಂದಿ ಸತ್ತರು, ಗಾಯಗೊಂಡರು ಅಥವಾ ಸೆರೆಸಿಕ್ಕರು. 25 ವರ್ಷದ ಅವರ ಬಿಳಿಯ ಕರ್ನಲ್ ರಾಬರ್ಟ್ ಗೌಲ್ಡ್ ಶಾ ಕೋಟೆಯ ಗೋಡೆಯ ಮೇಲೆಯೇ ಬಿದ್ದರು. ಅವಮಾನ ಮಾಡುವ ಉದ್ದೇಶದಿಂದ ಶತ್ರುಗಳು ಅವರನ್ನು ಕಪ್ಪು ಸೈನಿಕರ ಜೊತೆ ಒಂದೇ ಗುಂಡಿಯಲ್ಲಿ ಹೂತರು. ಮುಂದೆ ಶವವನ್ನು ತೆಗೆಸಿ ತರುವ ಪ್ರಸ್ತಾಪ ಬಂದಾಗ ಶಾ ಅವರ ತಂದೆ ಬೇಡವೆಂದರು, ತನ್ನ ಸೈನಿಕರ ನಡುವೆ ಮಲಗುವುದಕ್ಕಿಂತ ಗೌರವದ ಜಾಗ ಮಗನಿಗೆ ಇನ್ನೊಂದಿಲ್ಲವೆಂಬುದು ಅವರ ಭಾವನೆ. ಆ ದಿನ ಬಾವುಟವನ್ನು ನೆಲಕ್ಕೆ ಬೀಳಗೊಡದೆ ತೆವಳುತ್ತ ಹಿಂದಕ್ಕೆ ತಂದ ಸಾರ್ಜೆಂಟ್ ವಿಲಿಯಂ ಕಾರ್ನಿ ಅವರಿಗೆ ದೇಶದ ಅತ್ಯುನ್ನತ ಸೇನಾ ಪದಕ ದೊರೆತದ್ದು 37 ವರ್ಷಗಳ ಬಳಿಕ, 1900ರಲ್ಲಿ.

ಆ ದಾಳಿಯಾದ ಎರಡು ತಿಂಗಳಿಗೆ ಅದೇ ರೆಜಿಮೆಂಟಿನ ಜೇಮ್ಸ್ ಹೆನ್ರಿ ಗುಡಿಂಗ್ ಎಂಬ ಕಾರ್ಪೊರಲ್ ನೇರವಾಗಿ ಲಿಂಕನ್ ಅವರಿಗೆ ಪತ್ರ ಬರೆದು, ನಾವು ಸೈನಿಕರೋ ಕೂಲಿಗಳೋ ಎಂದು ಕೇಳಿದರು. ಉತ್ತರ ಕಾನೂನಿನ ರೂಪದಲ್ಲಿ ಬಂದದ್ದು 1864ರ ಜೂನ್‌ನಲ್ಲಿ. ಆ ವೇಳೆಗೆ ಗುಡಿಂಗ್ ಶತ್ರುಗಳ ಸೆರೆಯಲ್ಲಿದ್ದರು, ಮರುತಿಂಗಳು ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ತೀರಿಕೊಂಡರು. ಇನ್ನೊಂದು ರೆಜಿಮೆಂಟಿನಲ್ಲಿ, ಸಮಾನ ಸಂಬಳ ಬರುವ ತನಕ ಕೆಲಸ ಮಾಡುವುದಿಲ್ಲವೆಂದು ತನ್ನ ಜನರಿಂದ ಬಂದೂಕು ಕೆಳಗಿಡಿಸಿದ ಸಾರ್ಜೆಂಟ್ ವಿಲಿಯಂ ವಾಕರ್ ಅವರನ್ನು ದಂಗೆಯ ಆರೋಪದ ಮೇಲೆ 1864ರ ಫೆಬ್ರವರಿ 29ರಂದು ಗುಂಡಿಕ್ಕಿ ಕೊಲ್ಲಲಾಗಿತ್ತು. ಹೊಸ ಕಾನೂನಿನಲ್ಲೂ ಒಂದು ಕೊಕ್ಕೆಯಿತ್ತು. ಸೇರಿದ ದಿನದಿಂದಲೇ ಬಾಕಿ ಸಿಗಬೇಕಾದರೆ ಸೈನಿಕನು 1861ರ ಏಪ್ರಿಲ್ 19ರಂದು ಸ್ವತಂತ್ರನಾಗಿದ್ದೆನೆಂದು ಪ್ರಮಾಣ ಮಾಡಬೇಕಿತ್ತು. 54ನೆಯ ರೆಜಿಮೆಂಟಿನ ಕರ್ನಲ್ ಎಡ್ವರ್ಡ್ ಹ್ಯಾಲೊವೆಲ್ ಪ್ರಮಾಣದ ಮಾತನ್ನೇ ಜಾಣತನದಿಂದ ಹೊಸೆದರು: ಆ ದಿನದಂದು ನನ್ನ ದುಡಿಮೆಯನ್ನು ಪುಕ್ಕಟೆಯಾಗಿ ಪಡೆಯುವ ಹಕ್ಕು ಯಾರಿಗೂ ಇರಲಿಲ್ಲ ಎಂಬರ್ಥದ ಮಾತದು. ಗುಲಾಮನಾಗಿದ್ದವನೂ ದೇವರ ಮುಂದೆ ಸುಳ್ಳಾಡದೆ ಆ ಪ್ರಮಾಣವನ್ನು ಮಾಡಬಹುದಿತ್ತು, ಮಾಡಿದರು.

ಪ್ರಶ್ನೆ: ಸೆರೆ ಸಿಕ್ಕಿದ ಕಪ್ಪು ಸೈನಿಕರನ್ನು ಏನು ಮಾಡುತ್ತಿದ್ದರು? ದಕ್ಷಿಣದ ಪರವಾಗಿಯೂ ಕಪ್ಪು ಸೈನಿಕರು ಹೋರಾಡಿದರೆಂಬುದು ನಿಜವೇ? (ಕಲಬುರಗಿಯ ಓದುಗರು)

ಉತ್ತರ: ಕಾನ್ಫೆಡರಸಿಯು ಅವರನ್ನು ಯುದ್ಧಕೈದಿಗಳೆಂದು ಒಪ್ಪಲಿಲ್ಲ, ದಂಗೆಯೆದ್ದ ಗುಲಾಮರೆಂದು ಕರೆಯಿತು. ಕೈದಿಗಳ ವಿನಿಮಯ ನಿಂತುಹೋಗುವುದಕ್ಕೆ ಇದು ದೊಡ್ಡ ಕಾರಣವಾಯಿತು. ಕೆಲವರನ್ನು ಮತ್ತೆ ಗುಲಾಮಗಿರಿಗೆ ತಳ್ಳಿದರು, ಕೆಲವೆಡೆ ಶರಣಾದವರನ್ನೇ ಕೊಂದರು. 1864ರ ಏಪ್ರಿಲ್ 12ರಂದು ಟೆನೆಸಿಯ ಪಿಲ್ಲೊ ಕೋಟೆಯಲ್ಲಿ ದಕ್ಷಿಣದ ಜನರಲ್ ನೇಥನ್ ಬೆಡ್‌ಫರ್ಡ್ ಫಾರೆಸ್ಟ್ ಅವರ ಪಡೆ ನಡೆಸಿದ ಕೊಲೆಗಳಲ್ಲಿ, ಅಲ್ಲಿದ್ದ ಕಪ್ಪು ಸೈನಿಕರ ಪೈಕಿ ಸುಮಾರು ಮೂರರಲ್ಲಿ ಎರಡು ಪಾಲು ಮಂದಿ ಸತ್ತರು.

ಎರಡನೆಯ ಪ್ರಶ್ನೆಗೆ ಚಿಕ್ಕ ಉತ್ತರ ಸಾಕು. ಒಡೆಯರ ಜೊತೆ ಅಡುಗೆಯವರಾಗಿ, ಸೇವಕರಾಗಿ, ಕೂಲಿಗಳಾಗಿ ಸಾವಿರಾರು ಗುಲಾಮರನ್ನು ದಕ್ಷಿಣದ ಸೇನೆ ಎಳೆದೊಯ್ದಿತ್ತು. ಅವರನ್ನು ಸೈನಿಕರೆಂದು ಕರೆಯುವುದು ಸರಿಯಲ್ಲ. ಕಪ್ಪು ಜನರನ್ನು ಸೈನಿಕರನ್ನಾಗಿ ಸೇರಿಸಿಕೊಳ್ಳುವ ಕಾನೂನನ್ನು ಅಲ್ಲಿನ ಸಂಸತ್ತು ಮಾಡಿದ್ದು 1865ರ ಮಾರ್ಚ್ 13ರಂದು. ದಕ್ಷಿಣದ ಸೇನಾಪತಿ ಜನರಲ್ ಲೀ ಶರಣಾದದ್ದು ಏಪ್ರಿಲ್ 9ರಂದು. ಆ ಚರ್ಚೆಯ ವೇಳೆ ದಕ್ಷಿಣದ ಜನರಲ್ ಹೋವೆಲ್ ಕಾಬ್, ಗುಲಾಮರು ಒಳ್ಳೆಯ ಸೈನಿಕರಾಗುವುದಾದರೆ ಗುಲಾಮಗಿರಿಯನ್ನು ಕುರಿತ ನಮ್ಮ ಸಿದ್ಧಾಂತವೇ ತಪ್ಪೆಂದಾಗುತ್ತದೆ ಎಂದು ಬರೆದಿದ್ದರು. ಶತ್ರುಪಕ್ಷದವರ ಈ ಒಂದು ಸಾಲಿನಲ್ಲಿರುವ ಪ್ರಾಮಾಣಿಕತೆ ಮಿತ್ರಪಕ್ಷದ ಎಷ್ಟೋ ಭಾಷಣಗಳಲ್ಲಿ ನನಗೆ ಕಂಡಿಲ್ಲ.

ಪ್ರಶ್ನೆ: ನಮ್ಮ ಓಬವ್ವನಂತೆ ಅಲ್ಲಿಯೂ ಆಯುಧ ಹಿಡಿದ ಹೆಂಗಸರಿದ್ದರೆ? (ಚಿತ್ರದುರ್ಗದ ಗೃಹಿಣಿ)

ಉತ್ತರ: ಇದ್ದರು, ಆದರೆ ಸಂದರ್ಭ ಬೇರೆ. ಓಬವ್ವ ಕೈಗೆ ಸಿಕ್ಕಿದ ಒನಕೆಯನ್ನು ಹಿಡಿದು ಹೆಂಗಸಾಗಿಯೇ ನಿಂತವಳು. ಇವರು ಕೂದಲು ಕತ್ತರಿಸಿ, ಗಂಡಸಿನ ಹೆಸರಿಟ್ಟುಕೊಂಡು, ಸಂಬಳದ ಸೈನಿಕರಾಗಿ ಸೇರಿದವರು. ಎರಡೂ ಸೇನೆಗಳಲ್ಲಿ ಹೀಗೆ ಸೇರಿದ್ದವರು 400ರಿಂದ 750 ಮಂದಿ ಎಂಬುದು ಸಾಮಾನ್ಯವಾಗಿ ಒಪ್ಪಿರುವ ಅಂದಾಜು.

ವೈದ್ಯರ ಪರೀಕ್ಷೆಯಲ್ಲಿ ಸಿಕ್ಕಿಬೀಳಲಿಲ್ಲವೇ ಎಂದು ನೀವು ಕೇಳುವಿರಿ. ಆ ಪರೀಕ್ಷೆ ಬಹಳ ಕಡೆ ಹೆಸರಿಗೆ ಮಾತ್ರ ನಡೆಯುತ್ತಿತ್ತು. ಮದ್ದಿನ ಕಾಗದದ ಪೊಟ್ಟಣವನ್ನು ಹಲ್ಲಿನಿಂದ ಕಚ್ಚಿ ಹರಿದು ಬಂದೂಕಿಗೆ ತುಂಬಬೇಕಾಗಿದ್ದುದರಿಂದ ಮುಂದಿನ ಹಲ್ಲು ಗಟ್ಟಿಯಿವೆಯೇ, ಕೈಬೆರಳು ಸರಿಯಿವೆಯೇ ಎಂದು ನೋಡಿದರೆ ಮುಗಿಯಿತು. ಗಡ್ಡಮೀಸೆ ಬಾರದ ಹುಡುಗರು ಸೇನೆಯಲ್ಲಿ ಎಷ್ಟೋ ಜನರಿದ್ದರು. ರಾತ್ರಿಯೂ ಉಟ್ಟ ಬಟ್ಟೆಯಲ್ಲೇ ಮಲಗುತ್ತಿದ್ದರು. ಎಲ್ಲಕ್ಕಿಂತ ಮಿಗಿಲಾಗಿ, ಷರಾಯಿ ತೊಟ್ಟವಳು ಹೆಂಗಸಾಗಿರಬಹುದೆಂಬ ಅನುಮಾನವೇ ಆ ಕಾಲದವರಿಗೆ ಬರುತ್ತಿರಲಿಲ್ಲ.

ನ್ಯೂಯಾರ್ಕ್ ರಾಜ್ಯದ ಬಡ ರೈತ ಕುಟುಂಬದ ಹಿರಿಯ ಮಗಳು ಸಾರಾ ರೊಸೆಟ್ಟಾ ವೇಕ್‌ಮನ್ 'ಲಯನ್ಸ್ ವೇಕ್‌ಮನ್' ಎಂಬ ಹೆಸರಿನಲ್ಲಿ 153ನೆಯ ರೆಜಿಮೆಂಟನ್ನು ಸೇರಿ, ಮನೆಗೆ ಹಣವನ್ನೂ ಪತ್ರಗಳನ್ನೂ ಕಳುಹಿಸುತ್ತಿದ್ದರು. ವಾಷಿಂಗ್ಟನ್ನಿನ ಸೆರೆಮನೆಯೊಂದರಲ್ಲಿ ಕಾವಲಿಗಿದ್ದಾಗ, ಗಂಡಸಿನ ವೇಷದಲ್ಲಿ ಸೇನೆಯಲ್ಲಿದ್ದ ಹೆಂಗಸೊಬ್ಬಳು ಅಲ್ಲಿ ಬಂದಿಯಾಗಿರುವ ಸಂಗತಿಯನ್ನು ಮನೆಯವರಿಗೆ ಬರೆದರು. ಕಾವಲಿಗೆ ನಿಂತವಳ ಗುಟ್ಟೂ ಅದೇ ಎಂಬುದು ಆ ಸೆರೆಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. 1864ರ ಜೂನ್‌ನಲ್ಲಿ ನ್ಯೂ ಆರ್ಲಿಯನ್ಸ್‌ನ ಆಸ್ಪತ್ರೆಯಲ್ಲಿ ರಕ್ತಭೇದಿಯಿಂದ ತೀರಿಕೊಂಡ ಅವರ ಸಮಾಧಿಯ ಕಲ್ಲಿನ ಮೇಲೆ ಇಂದಿಗೂ ಇರುವುದು ಗಂಡಸಿನ ಹೆಸರು.

ಐರ್ಲೆಂಡಿನಲ್ಲಿ ಜೆನಿ ಹಾಡ್ಜರ್ಸ್ ಆಗಿ ಹುಟ್ಟಿದ ಆಲ್ಬರ್ಟ್ ಕ್ಯಾಶಿಯರ್ ಅವರದು ಇನ್ನೊಂದು ಬಗೆ. ಇಲಿನಾಯ್ ರಾಜ್ಯದ 95ನೆಯ ರೆಜಿಮೆಂಟಿನಲ್ಲಿ ಯುದ್ಧ ಮುಗಿಯುವ ತನಕ ಇದ್ದು, ಬಳಿಕವೂ ಗಂಡಸಾಗಿಯೇ ಬದುಕಿದರು, ಪಿಂಚಣಿಯನ್ನೂ ಪಡೆದರು. ಮುಪ್ಪಿನಲ್ಲಿ ಆಸ್ಪತ್ರೆಗೆ ಸೇರಿದಾಗ ಗುಟ್ಟು ಬಯಲಾಯಿತು. ಅಲ್ಲಿ ಬಲವಂತವಾಗಿ ಲಂಗ ತೊಡಿಸಿದರು. ಪಿಂಚಣಿ ಕಚೇರಿಯೂ ಮೋಸವೆಂದು ವಿಚಾರಣೆ ಹೂಡಿತು. ಆಗ ರೆಜಿಮೆಂಟಿನ ಮುದುಕರು ಸಾಕ್ಷಿ ಹೇಳಲು ಬಂದು, ಇವನೇ ನಮ್ಮ ಜೊತೆ ಹೋರಾಡಿದ ಆಲ್ಬರ್ಟ್ ಎಂದರು. ಪಿಂಚಣಿ ಉಳಿಯಿತು. 1915ರಲ್ಲಿ ತೀರಿಕೊಂಡಾಗ ಸಮವಸ್ತ್ರದಲ್ಲೇ, ಸೇನಾ ಗೌರವದೊಂದಿಗೆ ಮಣ್ಣು ಮಾಡಿದರು.

ಪ್ರಶ್ನೆ: ದಾದಿಯರ ವಿಷಯ ಏಕೆ ಬಿಟ್ಟಿರಿ? (ಮಂಗಳೂರಿನ ಶುಶ್ರೂಷಕಿ)

ಉತ್ತರ: ಬಿಟ್ಟಿಲ್ಲ, ಇದೀಗ ಬಂದೆ. ಸತ್ತ ಸೈನಿಕರಲ್ಲಿ ಮೂರರಲ್ಲಿ ಎರಡು ಪಾಲು ಜನರನ್ನು ಕೊಂದದ್ದು ಕಾಯಿಲೆಯಾದುದರಿಂದ, ಈ ಯುದ್ಧದಲ್ಲಿ ಆಸ್ಪತ್ರೆಯೂ ಒಂದು ರಣರಂಗವೇ ಆಗಿತ್ತು. ಉತ್ತರದ ಸೇನೆಯ ದಾದಿಯರ ಮೇಲ್ವಿಚಾರಕಿಯಾಗಿದ್ದ ಡೊರೊಥಿಯಾ ಡಿಕ್ಸ್, ದಾದಿಯಾಗುವವಳಿಗೆ 35 ವರ್ಷ ದಾಟಿರಬೇಕು, ರೂಪ ಸಾಧಾರಣವಾಗಿರಬೇಕು, ಕಂದು ಇಲ್ಲವೇ ಕಪ್ಪು ಬಣ್ಣದ ಉಡುಪು ತೊಡಬೇಕು, ಒಡವೆ ಕೂಡದು, ಗುಂಗುರು ಕೂದಲೂ ಕೂಡದು ಎಂದು ನಿಯಮ ಮಾಡಿದ್ದರು. ದಿನಕ್ಕೆ 40 ಸೆಂಟ್ ಸಂಬಳ. ಸ್ವಂತ ಬಲದ ಮೇಲೆ ಗಾಡಿಯಲ್ಲಿ ಔಷಧಿ ಬಟ್ಟೆಗಳನ್ನು ತುಂಬಿಕೊಂಡು ಆಂಟಿಟಮ್ ರಣರಂಗದವರೆಗೆ ಹೋದ ಕ್ಲಾರಾ ಬಾರ್ಟನ್, ಯುದ್ಧದ ಬಳಿಕ ಕಾಣೆಯಾದ ಸೈನಿಕರನ್ನು ಹುಡುಕುವ ಕಚೇರಿ ತೆರೆದು 22,000ಕ್ಕೂ ಹೆಚ್ಚು ಜನರ ಗತಿ ಏನಾಯಿತೆಂದು ಪತ್ತೆಮಾಡಿದರು. ವೈದ್ಯೆ ಮೇರಿ ಎಡ್ವರ್ಡ್ಸ್ ವಾಕರ್ ಅವರನ್ನು ಶತ್ರುಗಳು ಗೂಢಚಾರಿಣಿಯೆಂದು ನಾಲ್ಕು ತಿಂಗಳು ಸೆರೆಯಲ್ಲಿಟ್ಟರು. ದೇಶದ ಅತ್ಯುನ್ನತ ಸೇನಾ ಪದಕ ಪಡೆದ ಏಕೈಕ ಮಹಿಳೆ ಅವರು. 1917ರಲ್ಲಿ ಸರ್ಕಾರ ಆ ಪದಕವನ್ನು ರದ್ದು ಮಾಡಿತು, ಅವರು ಲೆಕ್ಕಿಸದೆ ಸಾಯುವ ತನಕ ಎದೆಯ ಮೇಲೆ ಧರಿಸಿಯೇ ಓಡಾಡಿದರು. 1977ರಲ್ಲಿ ಪದಕ ಮರಳಿ ಊರ್ಜಿತವಾಯಿತು.

ಜಾರ್ಜಿಯಾದಲ್ಲಿ ಗುಲಾಮಳಾಗಿ ಹುಟ್ಟಿ, ಕದ್ದುಮುಚ್ಚಿ ನಡೆಯುತ್ತಿದ್ದ ಶಾಲೆಯಲ್ಲಿ ಅಕ್ಷರ ಕಲಿತ ಸೂಸಿ ಕಿಂಗ್ ಟೇಲರ್ ಹದಿಹರೆಯದಲ್ಲೇ ಕಪ್ಪು ಸೈನಿಕರ ರೆಜಿಮೆಂಟನ್ನು ಸೇರಿದರು. ಪಟ್ಟಿಯಲ್ಲಿ ಬರೆದುಕೊಂಡದ್ದು ಅಗಸಗಿತ್ತಿಯೆಂದು. ಮಾಡಿದ್ದು ಸಿಡುಬಿನವರ ಶುಶ್ರೂಷೆ, ಬಂದೂಕು ಬಿಚ್ಚಿ ಶುಚಿಗೊಳಿಸುವುದು, ಬಿಡುವಿನಲ್ಲಿ ಸೈನಿಕರಿಗೆ ಓದುಬರಹ ಕಲಿಸುವುದು. ನಾಲ್ಕು ವರ್ಷಕ್ಕೂ ಮೀರಿದ ಆ ಸೇವೆಗೆ ಒಂದು ಡಾಲರೂ ಬರಲಿಲ್ಲ. 1892ರಲ್ಲಿ ದಾದಿಯರಿಗೆ ತಿಂಗಳಿಗೆ 12 ಡಾಲರ್ ಪಿಂಚಣಿಯ ಕಾನೂನು ಬಂದಾಗ, ಅಡುಗೆಯವರು, ಬಟ್ಟೆ ಒಗೆಯುವವರು ಎಂದು ದಾಖಲಾಗಿದ್ದ ಇಂಥ ಕಪ್ಪು ಮಹಿಳೆಯರು ಅದರ ಹೊರಗೇ ಉಳಿದರು.

ಪ್ರಶ್ನೆ: ಗೂಢಚಾರಿಣಿಯರ ಕಥೆಗಳಲ್ಲಿ ನಂಬಬಹುದಾದದ್ದೆಷ್ಟು? (ಮೈಸೂರಿನ ವಕೀಲರು)

ಉತ್ತರ: ಹೆಚ್ಚು ಪ್ರಸಿದ್ಧರಾದವರ ಕಥೆಯನ್ನು ಹೆಚ್ಚು ಎಚ್ಚರದಿಂದ ಓದಬೇಕೆಂಬುದು ನನ್ನ ಅನುಭವ. ವಾಷಿಂಗ್ಟನ್ನಿನ ದೊಡ್ಡ ಮನೆತನಗಳ ಗೆಳತಿ ರೋಸ್ ಓನೀಲ್ ಗ್ರೀನ್‌ಹೌ ದಕ್ಷಿಣದ ಪರ ಕೆಲಸ ಮಾಡುತ್ತಿದ್ದರು. 1861ರ ಜುಲೈನಲ್ಲಿ ಉತ್ತರದ ಸೇನೆ ಹೊರಡುವ ಸುದ್ದಿಯನ್ನು ಬರೆದು, ಬೆಟ್ಟಿ ಡುವಾಲ್ ಎಂಬ ತರುಣಿಯ ತುರುಬಿನಲ್ಲಿ ಅಡಗಿಸಿ ಕಳುಹಿಸಿದರು. ಬುಲ್ ರನ್ ಕದನದಲ್ಲಿ ದಕ್ಷಿಣ ಗೆದ್ದಿತು, ಕೀರ್ತಿ ಇವರಿಗೂ ಬಂದಿತು. ಆದರೆ ಆ ಗೆಲುವಿನ ದೊಡ್ಡ ಕಾರಣ ಸಮಯಕ್ಕೆ ಸರಿಯಾಗಿ ರೈಲಿನಲ್ಲಿ ಬಂದಿಳಿದ ಹೆಚ್ಚುವರಿ ಪಡೆ. ಮುಂದೆ ಸೆರೆ ಅನುಭವಿಸಿ, ಯುರೋಪಿಗೆ ಹೋಗಿ, 1864ರ ಅಕ್ಟೋಬರ್‌ನಲ್ಲಿ ಹಿಂದಿರುಗುವಾಗ ಹಡಗು ನೆಲ ಹತ್ತಿದ್ದರಿಂದ ಸಣ್ಣ ದೋಣಿಗಿಳಿದರು. ದೋಣಿ ಮಗುಚಿತು. ಮೈಮೇಲೆ ಕಟ್ಟಿಕೊಂಡಿದ್ದ ಚಿನ್ನದ ನಾಣ್ಯಗಳ ಭಾರ ಅವರನ್ನು ಮುಳುಗಿಸಿತು.

ನಿಜವಾಗಿ ದೊಡ್ಡ ಕೆಲಸ ಮಾಡಿದವರು ಎಲಿಜಬೆತ್ ವ್ಯಾನ್ ಲ್ಯೂ. ದಕ್ಷಿಣದ ರಾಜಧಾನಿ ರಿಚ್ಮಂಡ್‌ನಲ್ಲಿ ಬಂಗಲೆಯಿದ್ದ ಶ್ರೀಮಂತ ಅವಿವಾಹಿತೆ, ಗುಲಾಮಗಿರಿಯ ವಿರೋಧಿ. ಅಲ್ಲಿನ ಲಿಬ್ಬಿ ಸೆರೆಮನೆಯಲ್ಲಿದ್ದ ಉತ್ತರದ ಅಧಿಕಾರಿಗಳಿಗೆ ಊಟವನ್ನೂ ಪುಸ್ತಕಗಳನ್ನೂ ಒಯ್ಯುವ ನೆಪದಲ್ಲಿ ಸುದ್ದಿ ಸಂಗ್ರಹಿಸಿದರು. 1864ರ ವೇಳೆಗೆ ಉತ್ತರದ ಸೇನಾಪತಿ ಜನರಲ್ ಗ್ರಾಂಟ್ ಅವರ ಶಿಬಿರದವರೆಗೆ ಐದು ತಾಣಗಳ ಮೂಲಕ ಸಾಗುವ ಸುದ್ದಿಯ ದಾರಿಯೇ ಸಿದ್ಧವಾಗಿತ್ತು. ಆ ದಾರಿಯಲ್ಲಿ ನಡೆದವರು ಬಹುಮಟ್ಟಿಗೆ ಅವರ ಮನೆಯ ಕಪ್ಪು ಆಳುಗಳು. ಬೂಟಿನ ಅಟ್ಟೆಯೊಳಗೆ, ಪೊಳ್ಳು ಮಾಡಿದ ಮೊಟ್ಟೆಯೊಳಗೆ ಚೀಟಿ ಸಾಗುತ್ತಿತ್ತು. ತರಕಾರಿ ಬುಟ್ಟಿ ಹೊತ್ತು ಹೋಗುವ ಆಳನ್ನು ಕಾವಲುಗಾರ ತಡೆದರೂ, ಅವನಲ್ಲಿ ಬುದ್ಧಿಯ ಕೆಲಸವೊಂದು ಅಡಗಿರಬಹುದೆಂದು ಎಣಿಸುತ್ತಿರಲಿಲ್ಲ. ಊಟದ ಮೇಜಿನ ಬಳಿ ನಿಂತ ಗುಲಾಮನಿಗೆ ಕಿವಿಯಿದೆಯೆಂಬುದನ್ನೇ ಒಡೆಯರು ಮರೆತಿದ್ದರು. ಉತ್ತರದ ಸೇನೆಯಲ್ಲಿ ಓಡಿಬಂದ ಗುಲಾಮರನ್ನು ವಿಚಾರಿಸಿ ಸುದ್ದಿ ಪಡೆಯುವುದು ಮಾಮೂಲಿ ಪದ್ಧತಿಯಾಗಿತ್ತು, ಹಣ ಕೊಟ್ಟು ಇಟ್ಟುಕೊಂಡ ಪತ್ತೇದಾರರು ಶತ್ರುಗಳ ಸಂಖ್ಯೆಯನ್ನು ಉಬ್ಬಿಸಿ ಹೇಳಿ ಜನರಲ್ ಮೆಕ್ಲೆಲನ್ ಅವರನ್ನು ಹೆದರಿಸಿದ್ದೂ ಅದೇ ಸೇನೆಯಲ್ಲಿ.

ಗ್ರಾಂಟ್ ಅಧ್ಯಕ್ಷರಾದಾಗ, 1869ರಲ್ಲಿ, ವ್ಯಾನ್ ಲ್ಯೂ ಅವರನ್ನು ರಿಚ್ಮಂಡಿನ ಪೋಸ್ಟ್ ಮಾಸ್ಟರ್ ಹುದ್ದೆಗೆ ನೇಮಿಸಿದರು. ನೆರೆಹೊರೆಯವರು ಮಾತ್ರ ಕೊನೆಯವರೆಗೂ ಮಾತುಬಿಟ್ಟಿದ್ದರು. ಯುದ್ಧ ಮುಗಿದ ಮರುವರ್ಷ ಅವರು ಸೇನಾ ಇಲಾಖೆಯಿಂದ ತಮ್ಮ ವರದಿಗಳನ್ನೆಲ್ಲ ಹಿಂದಕ್ಕೆ ಪಡೆದು ನಾಶಮಾಡಿದರು. ಶತ್ರುಗಳ ನಡುವೆಯೇ ಬಾಳಬೇಕಾದವರಿಗೆ ಅದು ಅನಿವಾರ್ಯವಾಗಿತ್ತು, ಆದರೆ ಅವರ ಜೊತೆಗೆ ದುಡಿದ ಕಪ್ಪು ಜನರ ಹೆಸರುಗಳೂ ಆ ಕಾಗದಗಳೊಂದಿಗೆ ಹೋದವು.

ಪ್ರಶ್ನೆ: ವ್ಯಾನ್ ಲ್ಯೂ ಅವರ ಬಳಿಯಿದ್ದ ಮೇರಿ ಬೌಸರ್ ಎಂಬ ಕಪ್ಪು ಗೂಢಚಾರಿಣಿಯ ಫೋಟೊ ಮೊಬೈಲಿನಲ್ಲಿ ಬಂದಿದೆ, ನಿಜವೇ? (ಬೆಂಗಳೂರಿನ ಓದುಗರು)

ಉತ್ತರ: ಫೋಟೊ ಅವರದ್ದಲ್ಲ. ಅದೇ ಹೆಸರಿನ ಬೇರೊಬ್ಬ ಮಹಿಳೆಯದು, ತೆಗೆದದ್ದು ಯುದ್ಧ ಮುಗಿದು ದಶಕಗಳ ನಂತರ. ವ್ಯಕ್ತಿ ಮಾತ್ರ ನಿಜ. ಮೇರಿ ಜೇನ್ ರಿಚರ್ಡ್ಸ್ ಎಂಬ ಹೆಸರಿನಿಂದ ದಾಖಲೆಗಳಲ್ಲಿ ಕಾಣುವ ಅವರನ್ನು ವ್ಯಾನ್ ಲ್ಯೂ ಕುಟುಂಬ ಉತ್ತರಕ್ಕೆ ಕಳುಹಿಸಿ ಓದಿಸಿತ್ತು, ಬಳಿಕ ಅವರು ಲೈಬೀರಿಯಾದಲ್ಲೂ ಕೆಲಕಾಲ ಇದ್ದರು. ಯುದ್ಧ ಮುಗಿದ ವರ್ಷ ನ್ಯೂಯಾರ್ಕಿನಲ್ಲಿ ಮಾಡಿದ ಭಾಷಣದಲ್ಲಿ ತಮ್ಮ ಗುಪ್ತ ಕೆಲಸವನ್ನು ತಾವೇ ಹೇಳಿಕೊಂಡರು. ಆಮೇಲೆ ಬಿಡುಗಡೆಯಾದ ಗುಲಾಮರ ಮಕ್ಕಳಿಗೆ ಶಾಲೆ ನಡೆಸಿದರು. ಒಮ್ಮೆ ಕಣ್ಣಾಡಿಸಿದ ಕಾಗದವನ್ನು ಅಕ್ಷರ ತಪ್ಪದೆ ಒಪ್ಪಿಸುತ್ತಿದ್ದರು ಎಂಬಂಥ ಮಾತುಗಳು ಬಹಳ ಕಾಲದ ನಂತರ ಸೇರಿಕೊಂಡವು.

ಪ್ರಶ್ನೆ: ಗುಲಾಮರನ್ನು ಪಾರುಮಾಡಿದ ಹ್ಯಾರಿಯೆಟ್ ಟಬ್‌ಮನ್ ಸೇನೆಯಲ್ಲೂ ಇದ್ದರೆ? (ಹಾಸನದ ಪ್ರೌಢಶಾಲಾ ಶಿಕ್ಷಕಿ)

ಉತ್ತರ: ಮೇರಿಲ್ಯಾಂಡಿನಲ್ಲಿ ಗುಲಾಮಳಾಗಿ ಹುಟ್ಟಿ, 1849ರಲ್ಲಿ ತಪ್ಪಿಸಿಕೊಂಡು, ಮತ್ತೆ ಮತ್ತೆ ಹಿಂದಿರುಗಿ ತನ್ನವರನ್ನು ಕರೆತಂದ ಟಬ್‌ಮನ್ 1862ರಲ್ಲಿ ದಕ್ಷಿಣ ಕ್ಯಾರೊಲಿನಾದ ಕರಾವಳಿಗೆ ಬಂದರು. ದಾದಿಯಾಗಿದ್ದರು, ಬೇಹುಗಾರ್ತಿಯೂ ಆಗಿದ್ದರು. ಹಿನ್ನೀರು, ಜೌಗು, ಭತ್ತದ ಗದ್ದೆಗಳ ಒಳದಾರಿ ಬಲ್ಲ ಸ್ಥಳೀಯ ಕಪ್ಪು ಅಂಬಿಗರನ್ನು ಸೇರಿಸಿಕೊಂಡು ಒಂದು ತಂಡ ಕಟ್ಟಿದರು. ಕಂಬಾಹೀ ನದಿಯಲ್ಲಿ ಶತ್ರುಗಳು ಸ್ಫೋಟಕಗಳನ್ನು ಎಲ್ಲೆಲ್ಲಿ ಮುಳುಗಿಸಿಟ್ಟಿದ್ದಾರೆಂಬ ಸುದ್ದಿಯನ್ನು ಆ ನದಿಯ ದಡದ ಗುಲಾಮರಿಂದಲೇ ಪಡೆದರು. 1863ರ ಜೂನ್ 2ರ ನಸುಕಿನಲ್ಲಿ ಕರ್ನಲ್ ಜೇಮ್ಸ್ ಮಾಂಟ್‌ಗೊಮೆರಿ ಅವರ ಕಪ್ಪು ಸೈನಿಕರ ಪಡೆಯನ್ನು ಹೊತ್ತ ಹಡಗುಗಳು ಆ ನದಿಯನ್ನೇರಿದವು, ದಾರಿ ತೋರಿದವರು ಟಬ್‌ಮನ್. ಗದ್ದೆಗಳಲ್ಲಿದ್ದವರು ಹಡಗಿನ ಸಿಳ್ಳು ಕೇಳಿ ದಡಕ್ಕೆ ಓಡಿಬಂದರು. ಒಲೆಯಿಂದ ಆಗತಾನೆ ಇಳಿಸಿದ, ಇನ್ನೂ ಹಬೆಯಾಡುತ್ತಿದ್ದ ಅನ್ನದ ಪಾತ್ರೆಯನ್ನು ತಲೆಯ ಮೇಲೆ ಹೊತ್ತು, ಬೆನ್ನಿಗೆ ಮಗುವನ್ನು ಅಂಟಿಸಿಕೊಂಡು ಓಡಿಬಂದ ಹೆಂಗಸೊಬ್ಬಳ ಚಿತ್ರವನ್ನು ಟಬ್‌ಮನ್ ಮುಪ್ಪಿನವರೆಗೂ ನಗುತ್ತ ಹೇಳುತ್ತಿದ್ದರು. ಒಂದೇ ಬೆಳಗಿನಲ್ಲಿ 700ಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಬಂದ ಗಂಡಸರಲ್ಲಿ ಎಷ್ಟೋ ಮಂದಿ ಕೂಡಲೇ ಸೇನೆ ಸೇರಿದರು. ಆ ಗದ್ದಲದಲ್ಲಿ ಲಂಗ ಚಿಂದಿಯಾದ್ದರಿಂದ, ಇನ್ನು ಮುಂದೆ ಇಂಥ ಕೆಲಸಕ್ಕೆ ಷರಾಯಿಯಂಥ ಉಡುಪು ಬೇಕೆಂದು ಅವರು ಪತ್ರ ಬರೆಸಿದರು. ತಮಗೆ ಓದುಬರಹ ತಿಳಿಯದು.

ಇಷ್ಟು ಕೆಲಸಕ್ಕೆ ಯುದ್ಧದುದ್ದಕ್ಕೂ ಅವರಿಗೆ ಬಂದ ಹಣ ಸುಮಾರು 200 ಡಾಲರ್. ಹೊಟ್ಟೆಪಾಡಿಗೆ ರಾತ್ರಿಯೆಲ್ಲ ಸಿಹಿ ರೊಟ್ಟಿಗಳನ್ನು ಬೇಯಿಸಿ ಶಿಬಿರದಲ್ಲಿ ಮಾರಿಸುತ್ತಿದ್ದರು. ದಶಕಗಳ ಕಾಲ ಅರ್ಜಿ ಹಾಕಿದ ಮೇಲೆ 1895ರಲ್ಲಿ ತಿಂಗಳಿಗೆ 8 ಡಾಲರ್ ಮಂಜೂರಾಯಿತು, ಅದೂ ಕಪ್ಪು ಸೈನಿಕರಾಗಿದ್ದ ಗಂಡ ನೆಲ್ಸನ್ ಡೇವಿಸ್ ಅವರ ವಿಧವೆಯೆಂದು. 1899ರಲ್ಲಿ ಅದು 20 ಆಯಿತು. ಬೇಹುಗಾರ್ತಿಯೆಂಬ ಹೆಸರಿನಲ್ಲಿ ಪಿಂಚಣಿ ಬರಲೇ ಇಲ್ಲ. 1913ರಲ್ಲಿ ತೀರಿಕೊಂಡ ಅವರಿಗೆ ಮೇರಿಲ್ಯಾಂಡ್ ರಾಜ್ಯವು 2024ರ ನವೆಂಬರ್ 11ರಂದು ಬ್ರಿಗೇಡಿಯರ್ ಜನರಲ್ ಪದವಿಯನ್ನು ಪ್ರದಾನ ಮಾಡಿತು.

ಪ್ರಶ್ನೆ: ಆ ಯುದ್ಧದಿಂದ ನಮ್ಮ ಕಡೆಯ ಹತ್ತಿಗೆ ಬೆಲೆ ಬಂದಿತ್ತೆಂದು ಹಿರಿಯರು ಹೇಳುತ್ತಾರೆ. (ಗದಗದ ರೈತರು)

ಉತ್ತರ: ಹಿರಿಯರು ಹೇಳುವುದು ಸರಿ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ್ದರಿಂದ ಗುಲಾಮರು ಬೆಳೆದ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಹೋಗುವುದು ನಿಂತಿತು. ಅಮೆರಿಕದ ಬೀಜದಿಂದಲೇ ಬಂದ ಧಾರವಾಡ ಅಮೆರಿಕನ್ ಹತ್ತಿಗೆ ಬೇಡಿಕೆ ಏರಿತು. ಆ ಹತ್ತಿಯನ್ನು ಕಾರವಾರ ಬಂದರಿನಿಂದ ಸಾಗಿಸುವ ಅನುಕೂಲಕ್ಕಾಗಿಯೇ ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿದರು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆಯೂ ಬಿದ್ದಿತು.

ಹತ್ತಿಯ ಮಾತು ಬಂದುದರಿಂದ ಹತ್ತಿ ಸಾಗಿಸಲೆಂದೇ ಕಟ್ಟಿದ ಪ್ಲಾಂಟರ್ ಎಂಬ ಹಡಗಿನ ಸಂಗತಿ ಹೇಳಿಬಿಡುತ್ತೇನೆ. ದಕ್ಷಿಣದ ಸೇನೆಯ ವಶದಲ್ಲಿದ್ದ ಅದನ್ನು ನಡೆಸುತ್ತಿದ್ದವರು ರಾಬರ್ಟ್ ಸ್ಮಾಲ್ಸ್ ಎಂಬ 23 ವರ್ಷದ ಗುಲಾಮ. ಕೆಲಸವೆಲ್ಲ ಪೈಲಟ್‌ನದೇ ಆದರೂ ಕಪ್ಪು ಮನುಷ್ಯನಿಗೆ ಆ ಪದವಿ ಕೊಡಲಾಗದೆಂದು ಚುಕ್ಕಾಣಿಯವನೆಂದಷ್ಟೇ ಕರೆಯುತ್ತಿದ್ದರು. 1862ರ ಮೇ 13ರ ನಸುಕಿನಲ್ಲಿ, ಬಿಳಿಯ ಅಧಿಕಾರಿಗಳು ದಡದಲ್ಲಿ ಮಲಗಿದ್ದಾಗ, ಹೆಂಡತಿ ಮಕ್ಕಳನ್ನೂ ಜೊತೆಗಾರರನ್ನೂ ಹತ್ತಿಸಿಕೊಂಡು, ಕ್ಯಾಪ್ಟನ್ನನ ಹುಲ್ಲಿನ ಟೋಪಿ ತಲೆಗಿಟ್ಟು, ಸಮ್ಟರ್ ಕೋಟೆಯ ಮುಂದೆ ಸರಿಯಾದ ಸಿಳ್ಳಿನ ಸಂಕೇತ ಕೊಟ್ಟು ಹಡಗನ್ನು ದಾಟಿಸಿ, ಬಿಳಿಯ ಬಾವುಟ ಏರಿಸಿ ಉತ್ತರದ ನೌಕಾಪಡೆಗೆ ಒಪ್ಪಿಸಿದರು. ಜೊತೆಗೆ ಸಂಕೇತಗಳ ಪುಸ್ತಕವೂ ಸ್ಫೋಟಕಗಳಿದ್ದ ಜಾಗಗಳ ಮಾಹಿತಿಯೂ ಸಿಕ್ಕಿತು. ಬಹುಮಾನವಾಗಿ ಅವರ ಪಾಲಿಗೆ 1,500 ಡಾಲರ್ ಬಂದಿತು. ಮುಂದೆ ಅವರು ತಾವು ಗುಲಾಮರಾಗಿ ಹುಟ್ಟಿದ ಒಡೆಯನ ಮನೆಯನ್ನೇ ಕೊಂಡುಕೊಂಡರು, ಸಂಸತ್ ಸದಸ್ಯರೂ ಆದರು.

ಪ್ರಶ್ನೆ: ಓದುಬರಹವಿಲ್ಲದ ಸೈನಿಕರ ಮನೆಯವರ ವಿಷಯ ಇಷ್ಟೊಂದು ತಿಳಿದದ್ದು ಹೇಗೆ? (ಧಾರವಾಡದ ಸಂಶೋಧನಾ ವಿದ್ಯಾರ್ಥಿ)

ಉತ್ತರ: ಮುಖ್ಯವಾಗಿ ಪಿಂಚಣಿಯ ಕಡತಗಳಿಂದ. ವಾಷಿಂಗ್ಟನ್ನಿನಲ್ಲಿ 1998ರಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಕಪ್ಪು ಪಡೆಗಳಲ್ಲಿದ್ದ 2,09,145 ಜನರ ಹೆಸರುಗಳಿವೆ, ಬಿಳಿಯ ಅಧಿಕಾರಿಗಳೂ ಅದರಲ್ಲಿ ಸೇರಿದ್ದಾರೆ. ಆದರೆ ಆ ಗೋಡೆಯಲ್ಲಿ ಇರುವುದು ಹೆಸರು ಮಾತ್ರ. ಕಡತಗಳಲ್ಲಿ ಮನೆಯೇ ಇದೆ. ಸತ್ತ ಸೈನಿಕನ ವಿಧವೆ ಪಿಂಚಣಿ ಕೇಳಬೇಕಾದರೆ ಮದುವೆಯ ದಾಖಲೆ ತೋರಿಸಬೇಕು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆಯೇ ಇರಲಿಲ್ಲವಾದ್ದರಿಂದ ದಾಖಲೆ ಎಲ್ಲಿಂದ ಬರಬೇಕು? 1864ರ ಜುಲೈನ ಕಾನೂನು, ಗಂಡಹೆಂಡಿರೆಂದು ಪರಸ್ಪರ ಒಪ್ಪಿ ಒಟ್ಟಿಗೆ ಬಾಳಿದ್ದರೆಂಬುದಕ್ಕೆ ನಂಬಲರ್ಹ ಸಾಕ್ಷಿಗಳಿದ್ದರೆ ಸಾಕೆಂದು ಹೇಳಿತು. ಅಲ್ಲಿಂದ ಮುಂದೆ ಸೂಲಗಿತ್ತಿಯರು, ನೆರೆಯವರು, ಒಂದೇ ತೋಟದಲ್ಲಿ ದುಡಿದವರು, ಕೆಲವೊಮ್ಮೆ ಹಳೆಯ ಒಡೆಯರು ಕೂಡ ಅಧಿಕಾರಿಯ ಮುಂದೆ ಕುಳಿತು ಹೇಳಿದ ಮಾತುಗಳೆಲ್ಲ ಬರಹಕ್ಕೆ ಇಳಿದವು. ಮಾರಾಟವಾಗಿ ದೂರವಾದ ಮಕ್ಕಳ ಹೆಸರು, ಮದುವೆಯ ದಿನ ಮಾಡಿದ ಅಡುಗೆ, ಗಂಡ ಸೇನೆಗೆ ಓಡಿಹೋದ ರಾತ್ರಿ, ಎಲ್ಲವೂ ಹಾಗೆ ಉಳಿದವು. ತಾರೀಖು ಗೊತ್ತಿಲ್ಲದ ಮುದುಕರು ತಮ್ಮ ವಯಸ್ಸನ್ನು 1833ರ ಉಲ್ಕಾಪಾತದಿಂದ ಎಣಿಸಿ, ನಕ್ಷತ್ರ ಉದುರಿದ ವರ್ಷ ನಾನು ಇಷ್ಟೆತ್ತರ ಇದ್ದೆ ಎನ್ನುತ್ತಿದ್ದರು. ಪ್ಲೇಗು ಬಂದ ವರ್ಷ ಹುಟ್ಟಿದೆ ಎನ್ನುತ್ತಿದ್ದ ನಮ್ಮ ಅಜ್ಜಿಯರ ಮಾತನ್ನು ಕೇಳಿ ಬೆಳೆದ ನಿಮಗೆ ಆ ಕಡತಗಳನ್ನು ಓದುವುದು ಕಷ್ಟವಾಗಲಾರದು.